ಚಳಿಗಾಲದ ಸಹ್ಯಾದ್ರಿ, ಇಬ್ಬರ ನಡಿಗೆ

ಥಾಣೆ, ಡೊಂಬಿವಲಿ, ಕಲ್ಯಾಣ್ ಮತ್ತು ನವಿಮುಂಬಯಿಯ ಕನ್ನಡ ಸಂಘಗಳಿಗೂ ಅವುಗಳ ಸದಸ್ಯ ಬಂಧುಗಳಿಗೂ ಬಹಿರಂಗ ಪತ್ರ

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿ ನಾಲ್ಕೂ ಬೆಟ್ಟಗಳ ನಡುವಿನ ಊರುಗಳು. ಥಾಣೆಯ ಪಶ್ಚಿಮಕ್ಕೆ ಯೇವೂರಿನ ಕಾಡುಗುಡ್ಡಗಳು. ಖಾಡಿಯ ಪೂರ್ವ ದಂಡೆಯಲ್ಲಿ ಮುಂಬ್ರಾದಿಂದ ಬೇಲಾಪುರದ ಕಡೆಗೆ ಚಾಚಿದ ಪಾರ್ಸಿಕ್ ಸಾಲು. ಕಲ್ಯಾಣ್ ಮತ್ತು ಡೊಂಬಿವಲಿಯಿಂದ ಆಗ್ನೇಯಕ್ಕೆ ಮಲಂಗಗಡ, ಅದರ ಬೆನ್ನಿಗೆ ತಾವ್ಲಿ, ಚಂದೇರಿ, ಮಾಥೇರಾನ್. ಪನವೇಲಿನ ಆಚೆ ಪ್ರಬಳಗಡ, ಇರ್ಶಾಳಗಡ, ಕರ್ನಾಳಾ. ಇವೆಲ್ಲದರ ಹಿಂದೆ, ಕೊಂಕಣವನ್ನೂ ಘಟ್ಟದ ಮೇಲಿನ ನಾಡನ್ನೂ ಬೇರ್ಪಡಿಸಿ ನಿಂತಿರುವ ಸಹ್ಯಾದ್ರಿಯ ಮುಖ್ಯ ಗೋಡೆ. ದಿನಾ ಲೋಕಲ್ ಹಿಡಿಯುವವರು ಈ ಬೆಟ್ಟಗಳನ್ನು ಕಿಟಕಿಯಿಂದ ನೋಡಿಯೇ ಇರುತ್ತಾರೆ. ಪಾರ್ಸಿಕ್ ಬೆಟ್ಟವನ್ನು ಕೊರೆದು ಮಾಡಿದ ಸುಮಾರು 1.3 ಕಿ.ಮೀ. ಉದ್ದದ ರೈಲು ಸುರಂಗ 1916ರದು. ಮುಂಬ್ರಾ ಕಡೆಯ ಹಳಿ ಅದೇ ಬೆಟ್ಟದ ಬುಡವನ್ನು ಬಳಸಿಕೊಂಡು ಹೋಗುತ್ತದೆ. ಕಲ್ಯಾಣಿನಲ್ಲಿ ಹಳಿ ಎರಡಾಗಿ ಕವಲೊಡೆಯುತ್ತದೆ: ಒಂದು ಕಸಾರಾಕ್ಕೆ, ಇನ್ನೊಂದು ಕರ್ಜತ್ ಮತ್ತು ಖೊಪೋಲಿಗೆ. ಎರಡೂ ಕೊನೆ ಮುಟ್ಟುವುದು ಘಟ್ಟದ ಪಾದವನ್ನೇ. ಬೆಟ್ಟದ ಬುಡದವರೆಗೆ ಲೋಕಲ್ ಟಿಕೆಟ್ಟಿನಲ್ಲಿ ಹೋಗುವ ಅನುಕೂಲ ಬೆಂಗಳೂರಿನವರಿಗೂ ಇಲ್ಲ. ಆದರೂ ಭಾನುವಾರ ಬೆಳಗಿನ ಕಸಾರಾ ಲೋಕಲ್‌ನಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡವರ ನಡುವೆ ಮರಾಠಿ, ಗುಜರಾತಿ, ಹಿಂದಿ ಕೇಳಿಸಿದಷ್ಟು ಕನ್ನಡ ಕೇಳಿಸುವುದಿಲ್ಲ.

ಈ ಬೆಟ್ಟಗಳ ಕಲ್ಲು ಕರಿಕಲ್ಲು, ಅಂದರೆ ಬಸಾಲ್ಟ್. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ನೆಲ ಬಿರಿದು ಉಕ್ಕಿದ ಲಾವಾ, ಒಂದು ಆರಿದ ಮೇಲೆ ಇನ್ನೊಂದು ದೋಸೆ ಹುಯ್ದಂತೆ ಪದರ ಪದರವಾಗಿ ಹರಡಿ ಗಟ್ಟಿಯಾಯಿತು. ಕೆಲವು ಪದರ ಗಟ್ಟಿ, ಕೆಲವು ಮೆದು. ಮೆದು ಪದರ ಮಳೆಗೆ ಕರಗಿ ಹಿಂದೆ ಸರಿದಲ್ಲಿ ಇಳಿಜಾರು, ಗಟ್ಟಿ ಪದರ ನಿಂತಲ್ಲಿ ಕಡಿದಾದ ಬಂಡೆಗೋಡೆ. ಇಲ್ಲಿನ ಬೆಟ್ಟಗಳಿಗೆ ಮೆಟ್ಟಿಲಿನ ಆಕಾರವೂ ಮೇಲೆ ಚಪ್ಪಟೆ ನೆತ್ತಿಯೂ ಬಂದದ್ದು ಹೀಗೆ. ಮಲೆನಾಡಿನಿಂದಲೂ ಕರಾವಳಿಯಿಂದಲೂ ಬಂದವರಿಗೆ ಈ ರೂಪ ಮೊದಲು ಅಪರಿಚಿತ ಎನಿಸುತ್ತದೆ. ಕುದುರೆಮುಖ, ಬಾಬಾಬುಡನ್‌ಗಿರಿಗಳೂ ಇದೇ ಸಹ್ಯಾದ್ರಿ ಶ್ರೇಣಿಯವೇ ಆದರೂ ಅಲ್ಲಿನ ಕಲ್ಲು ಇದಕ್ಕಿಂತ ಬಹಳ ಹಳೆಯದು, ಬೆಟ್ಟಗಳ ಮೈ ದುಂಡು. ವಿಜಯಪುರ, ಕಲಬುರಗಿ, ಬೀದರಿನವರಿಗೆ ಮಾತ್ರ ಈ ಕಲ್ಲು ಊರಿನದೇ: ಎರೆಭೂಮಿ ಹುಟ್ಟಿದ್ದು ಇದರಿಂದ, ಗೋಳಗುಮ್ಮಟ ಎದ್ದು ನಿಂತದ್ದೂ ಇದರಿಂದ. ನಡೆಯುವವರಿಗೆ ಈ ಪದರಗಳ ತಿಳಿವಳಿಕೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಇಳಿಜಾರಿನಲ್ಲಿ ಹಾಯಾಗಿ ಏರಿದ ದಾರಿ ಬಂಡೆಗೋಡೆಯ ಬುಡಕ್ಕೆ ಬಂದಾಗ ಅಡ್ಡಡ್ಡಲಾಗಿ ತಿರುಗಿ, ಗೋಡೆ ಸೀಳಿದ ಕೊರಕಲನ್ನು ಹುಡುಕಿಕೊಂಡು ಹೋಗುತ್ತದೆ. ದಾರಿ ತಪ್ಪುವುದು ಹೆಚ್ಚಾಗಿ ಈ ತಿರುವುಗಳಲ್ಲೇ.

ಮನೆಯ ನಲ್ಲಿಯ ನೀರೂ ಈ ಬೆಟ್ಟಗಳದೇ. ನವಿಮುಂಬಯಿಗೆ ನೀರು ಕೊಡುವ ಮೋರ್ಬೆ ಅಣೆಕಟ್ಟು ಮಾಥೇರಾನ್ ಬೆಟ್ಟದ ದಕ್ಷಿಣದ ಅಂಚಿನಿಂದ ಕಾಣುತ್ತದೆ. ಕಲ್ಯಾಣ್, ಡೊಂಬಿವಲಿಯ ಕಡೆಗೆ ನೀರು ಬರುವುದು ಬಾರ್ವಿ ಅಣೆಕಟ್ಟಿನಿಂದಲೂ ಘಟ್ಟದ ಪಾದದಿಂದ ಹರಿದು ಬರುವ ಉಲ್ಹಾಸ್ ನದಿಯಿಂದಲೂ. ಮುಂಬಯಿಗೆ ನೀರುಣಿಸುವ ತಾನಸಾ ಜಲಾಶಯ ಮಾಹುಲಿ ಕೋಟೆಯ ಮೇಲಿನಿಂದ ಪೂರ್ತಿ ಹರಡಿಕೊಂಡು ಕಾಣಿಸುತ್ತದೆ. ಮಕ್ಕಳಿಗೆ ತೋರಿಸಬೇಕಾದ ನೋಟ ಇದು.

ಹವ್ಯಾಸಕ್ಕಾಗಿ ನಡೆಯುವವರಿಗೆ ಇಲ್ಲಿ ತಕ್ಕ ಕಾಲ ನವೆಂಬರಿನಿಂದ ಫೆಬ್ರವರಿಯ ನಡುವಿನವರೆಗೆ. ಮಳೆಗಾಲದ ಸಹ್ಯಾದ್ರಿ ಚಿತ್ರಗಳಲ್ಲಿ ಚೆಲುವಾಗಿ ಕಾಣುತ್ತದೆ, ಜನ ಮುಗಿಬೀಳುವುದೂ ಆಗಲೇ. ಆದರೆ ಹಾಸುಗಲ್ಲು ಜಾರುತ್ತದೆ, ಹಳ್ಳ ಗಳಿಗೆಯಲ್ಲಿ ಉಕ್ಕುತ್ತದೆ, ಮಂಜಿನಲ್ಲಿ ಹತ್ತು ಹೆಜ್ಜೆ ಮುಂದಿನ ದಾರಿ ಕಾಣುವುದಿಲ್ಲ, ಮಣ್ಣು ಕುಸಿಯುತ್ತದೆ. 2023ರ ಜುಲೈ 19ರ ರಾತ್ರಿ ಇರ್ಶಾಳಗಡದ ಮಗ್ಗುಲು ಕುಸಿದು ಇರ್ಶಾಳವಾಡಿ ಎಂಬ ಆದಿವಾಸಿಗಳ ವಾಡಿ ಮಣ್ಣಿನಡಿ ಹೋಯಿತು. ಆ ವಾಡಿಗೆ ವಾಹನ ಹೋಗುವ ರಸ್ತೆ ಇರಲಿಲ್ಲ. ಕತ್ತಲಲ್ಲಿ ಮಳೆಯಲ್ಲಿ ಕಾಲುದಾರಿ ಹತ್ತಿ ನೆರವಿಗೆ ಹೋದವರಲ್ಲಿ ಆ ಬೆಟ್ಟಗಳ ದಾರಿ ಬಲ್ಲ ಚಾರಣಿಗರೂ ಇದ್ದರು. ಹೊಸಬರು ಮಳೆಗಾಲವನ್ನು ಬಲ್ಲವರಿಗೆ ಬಿಟ್ಟುಕೊಡುವುದೇ ಸರಿ.

ಚಳಿಗಾಲದೊಳಗೂ ತಿಂಗಳಿಂದ ತಿಂಗಳಿಗೆ ಬೆಟ್ಟ ಬದಲಾಗುತ್ತದೆ. ನವೆಂಬರಿನ ಮೊದಲರ್ಧದಲ್ಲಿ ಹುಲ್ಲು ಸೊಂಟದೆತ್ತರ ನಿಂತಿರುತ್ತದೆ, ಕಾಲುದಾರಿ ಅದರಡಿ ಮುಚ್ಚಿರುತ್ತದೆ. ಹಳ್ಳಗಳಲ್ಲಿ ಇನ್ನೂ ನೀರಿರುತ್ತದೆ. ಡಿಸೆಂಬರಿನ ಹೊತ್ತಿಗೆ ಹುಲ್ಲು ಒಣಗಿ, ದನಗಳೂ ಜನರೂ ತುಳಿದು ದಾರಿ ಬಿಚ್ಚಿಕೊಳ್ಳುತ್ತದೆ. ಜನವರಿ ಎಲ್ಲಕ್ಕಿಂತ ಹಿತವಾದ ತಿಂಗಳು. ಬೂರುಗದ ಮರ ಎಲೆ ಕಳಚಿ ಕೆಂಪು ಹೂ ಬಿಡಲು ಆರಂಭಿಸುವುದು ಆಗ. ಮುತ್ತುಗ ಅದರ ಹಿಂದೆಯೇ ಬರುತ್ತದೆ. ಫೆಬ್ರವರಿ ಅರ್ಧ ಕಳೆದರೆ ಬಿಸಿಲು ಸುಡುತ್ತದೆ, ಒಣ ಹುಲ್ಲಿಗೆ ಬೆಂಕಿ ತಗಲುವ ದಿನಗಳು ಶುರುವಾಗುತ್ತವೆ.

ಇಲ್ಲಿನ ಚಳಿಯ ಬಗ್ಗೆ ತಪ್ಪು ತಿಳಿವಳಿಕೆ ಇರಬಾರದು. 1962ರ ಜನವರಿಯಲ್ಲಿ ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 7.4 ಡಿಗ್ರಿ ದಾಖಲಾದದ್ದುಂಟು, ಆದರೆ ಅದು ಇಂದಿಗೂ ನೆನಪಿಸಿಕೊಳ್ಳುವ ಅಪರೂಪ. ಸಾಮಾನ್ಯವಾಗಿ ಜನವರಿಯ ಬೆಳಗು 16-17 ಡಿಗ್ರಿ, ಕರ್ಜತ್, ಮುರಬಾಡದ ಹಳ್ಳಿಗಳಲ್ಲಿ ಇನ್ನೂ ಕಡಿಮೆ. ಮಧ್ಯಾಹ್ನ ಮಾತ್ರ 30 ದಾಟುವುದು ಮಾಮೂಲು. ಅಂದರೆ ಬೆಳಗ್ಗೆ ಸ್ವೆಟರ್ ಹಾಕಿಕೊಂಡು ಹೊರಟವರೇ ಹನ್ನೊಂದು ಗಂಟೆಗೆ ಬೆವರಿನಲ್ಲಿ ತೊಯ್ದಿರುತ್ತಾರೆ. ಚಳಿಗಾಲ ಎಂಬ ಹೆಸರಿಗೆ ಮರುಳಾಗಿ ಒಂದೇ ಬಾಟಲಿ ನೀರು ಹಿಡಿದು ಹೊರಡುವುದು ಇಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಆಗುವ ತಪ್ಪು. ಡಿಸೆಂಬರಿನ ನಂತರ ದಾರಿಯ ಹಳ್ಳಗಳು ಬತ್ತಿರುತ್ತವೆ. ಕೋಟೆಗಳ ಮೇಲೆ ಬಂಡೆ ಕೊರೆದು ಮಾಡಿದ ನೀರಿನ ತೊಟ್ಟಿಗಳಿವೆ, ಮರಾಠಿಯವರು ಟಾಕೆ ಎನ್ನುತ್ತಾರೆ. ಅವೆಲ್ಲದರ ನೀರೂ ಕುಡಿಯಲು ತಕ್ಕದ್ದಲ್ಲ. ಒಬ್ಬೊಬ್ಬರಿಗೆ ಮೂರು ಲೀಟರ್ ನೀರು ಮನೆಯಿಂದಲೇ ಹೋಗಬೇಕು.

ಹಗಲೂ ಚಿಕ್ಕದು. ಡಿಸೆಂಬರಿನ ನಡುವೆ ಸೂರ್ಯ ಹುಟ್ಟುವುದು ಹೆಚ್ಚುಕಡಿಮೆ 7ಕ್ಕೆ, ಮುಳುಗುವುದು 6 ಕಳೆಯುತ್ತಲೇ. ಬೆಟ್ಟದ ಪೂರ್ವದ ಮಗ್ಗುಲಿನಲ್ಲಿ ಐದಕ್ಕೇ ನೆರಳು ಬೀಳುತ್ತದೆ. ಕಾಡಿನೊಳಗೆ ಅದು ಕತ್ತಲೆಯೇ.

ಹೊತ್ತಿನ ಲೆಕ್ಕಕ್ಕೆ ಒಂದು ಹಳೆಯ ಸೂತ್ರವಿದೆ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ್ದು: ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದು ತಣ್ಣನೆಯ ದೇಶದ, ರೂಢಿಯಿದ್ದ ಕಾಲುಗಳ ಲೆಕ್ಕ. ಕೊಂಕಣದ ಬಿಸಿಲಿನಲ್ಲಿ ವಾರವಿಡೀ ಕುರ್ಚಿಯಲ್ಲಿ ಕೂತ ಕಾಲುಗಳಿಗೆ ಅದಕ್ಕೆ ಅರ್ಧದಷ್ಟನ್ನು ಸೇರಿಸಬೇಕು. ಮಾಹುಲಿಯಂಥ, ಏಳುನೂರು ಮೀಟರಿಗೂ ಮಿಕ್ಕ ಏರಿಗೆ ಹೀಗೆ ಮೂರು ಗಂಟೆ ದಾಟುತ್ತದೆ. ಇಳಿಯಲು ಕಡಿಮೆ ಸಾಕೆಂದು ತಿಳಿಯುವುದೂ ಸರಿಯಲ್ಲ. ಮಂಡಿ ನೋಯುವುದು, ಕಾಲು ಉಳುಕುವುದು, ಬೀಳುವುದು ಹೆಚ್ಚಾಗಿ ಇಳಿಯುವಾಗಲೇ.

ಇನ್ನು ಜೊತೆಗಾರರ ವಿಚಾರ. ಒಬ್ಬರೇ ಹೋಗುವುದು ಸಲ್ಲದು ಎಂಬುದನ್ನು ಹೆಚ್ಚು ವಿವರಿಸಬೇಕಿಲ್ಲ: ಕಾಲು ಉಳುಕಿ, ಮೊಬೈಲಿಗೆ ರೇಂಜ್ ಇಲ್ಲದ ಕಣಿವೆಯಲ್ಲಿ ಕೂತವರಿಗೆ ಇನ್ನೊಬ್ಬರು ಬೇಕು. ಮೂವತ್ತು-ನಲವತ್ತು ಜನರ ಗುಂಪು, ದುಡ್ಡು ಕಟ್ಟಿ ಹೋಗುವ ಟ್ರೆಕ್, ಸುಲಭವಾಗಿ ಸಿಗುತ್ತದೆ. ಅದರಿಂದ ಆರಂಭಿಸುವುದರಲ್ಲಿ ತಪ್ಪಿಲ್ಲ. ಆದರೆ ಅಲ್ಲಿ ನಡಿಗೆಯ ವೇಗ ಯಾರದೋ, ನಿಲ್ಲುವ ಜಾಗ ಯಾರದೋ, ದಾರಿ ನೋಡುವ ಕಣ್ಣೂ ಮುಂದಾಳಿನದೇ. ಹತ್ತು ಸಲ ಗುಂಪಿನಲ್ಲಿ ಹೋದವರಿಗೂ ದಾರಿ ಹುಡುಕುವುದು ಗೊತ್ತಿರುವುದಿಲ್ಲ. ಇಬ್ಬರೇ ಹೋದಾಗ ಇಬ್ಬರೂ ನೋಡಲೇಬೇಕು. ಎಲ್ಲಿ ತಿರುಗಿದೆವು, ಯಾವ ಮರ ದಾಟಿದೆವು, ನೀರು ಎಷ್ಟು ಉಳಿದಿದೆ ಎಂಬುದೆಲ್ಲ ಇಬ್ಬರ ಜವಾಬ್ದಾರಿ. ಬೆಟ್ಟ ಕಲಿಯುವುದು ಹಾಗೆ.

ಇಬ್ಬರ ನಡಿಗೆಗೆ ಕೆಲವು ಒಪ್ಪಂದಗಳು ಮನೆಯಲ್ಲೇ ಆಗಬೇಕು. ನಿಧಾನ ನಡೆಯುವವರು ಮುಂದೆ, ಚುರುಕಿನವರು ಹಿಂದೆ. ಇದು ತಿರುಗಮುರುಗಾದರೆ ಚುರುಕಿನವರು ಪ್ರತಿ ತಿರುವಿನಲ್ಲೂ ಕೂತು ದಣಿವಾರಿಸಿಕೊಂಡು, ನಿಧಾನದವರು ಬಂದು ಸೇರಿದ ಕೂಡಲೇ ಎದ್ದು ಹೊರಡುತ್ತಾರೆ. ದಣಿದವರಿಗೆ ವಿಶ್ರಾಂತಿಯೇ ಸಿಗುವುದಿಲ್ಲ. ಮಾತಾಡುತ್ತ ನಡೆಯಬಲ್ಲಷ್ಟು ವೇಗವೇ ಸರಿಯಾದ ವೇಗ. ಮಾತಿನ ನಡುವೆ ಉಸಿರು ಕಟ್ಟಿದರೆ ನಿಧಾನಿಸಬೇಕು. ಎರಡನೆಯದು, ಹಿಂತಿರುಗುವ ಹೊತ್ತು. ತುದಿ ಮುಟ್ಟಿರಲಿ ಬಿಡಲಿ, ಮಧ್ಯಾಹ್ನ 1 ಗಂಟೆಗೆ ಮುಖ ಊರ ಕಡೆಗೆ ತಿರುಗಬೇಕು ಎಂದು ಮೊದಲೇ ಗೊತ್ತುಮಾಡಿಕೊಂಡರೆ ತುದಿಯ ಆಸೆಗೆ ಬಿದ್ದು ಕತ್ತಲಲ್ಲಿ ಸಿಕ್ಕಿಬೀಳುವುದು ತಪ್ಪುತ್ತದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಇಬ್ಬರಲ್ಲಿ ಒಬ್ಬರು ಸಾಕು ಎಂದರೆ ಅದೇ ಕೊನೆಯ ಮಾತು. ಕಾರಣ ಕೇಳುವುದಾಗಲಿ, ಇನ್ನು ಸ್ವಲ್ಪವೇ ಇದೆ ಎಂದು ಪುಸಲಾಯಿಸುವುದಾಗಲಿ ಕೂಡದು. ಗುಂಪಿನಲ್ಲಿ ಹೆದರಿದವರು ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಇಬ್ಬರ ನಡುವೆ ಬಹುಮತದ ಪ್ರಶ್ನೆಯೇ ಇಲ್ಲದ್ದರಿಂದ ಹೇಳುವುದು ಸುಲಭ. ಮೂರನೆಯ ವ್ಯಕ್ತಿಯೊಬ್ಬರು ಮನೆಯಲ್ಲಿ ಇರಬೇಕು. ಯಾವ ಬೆಟ್ಟ, ಯಾವ ದಾರಿ, ಯಾವ ಲೋಕಲ್‌ಗೆ ವಾಪಸು, ಎಷ್ಟು ಹೊತ್ತಿನವರೆಗೆ ಸುದ್ದಿ ಬಾರದಿದ್ದರೆ ಯಾರನ್ನು ಕೇಳಬೇಕು ಎಂಬುದು ಅವರ ಬಳಿ ಬರಹದಲ್ಲಿರಬೇಕು.

ಇಬ್ಬರ ನಡಿಗೆಗೆ ಮಿತಿಯೂ ಇದೆ. ಪರ್ವತಾರೋಹಣ ಕಲಿಸುವವರು ಕನಿಷ್ಠ ನಾಲ್ವರು ಎನ್ನುತ್ತಾರೆ: ಒಬ್ಬರಿಗೆ ಪೆಟ್ಟಾದರೆ ಒಬ್ಬರು ಬಳಿಯಲ್ಲಿ ಕೂತು, ಇನ್ನಿಬ್ಬರು ನೆರವು ತರಲು ಇಳಿಯಬಹುದು. ಇಬ್ಬರೇ ಇದ್ದಾಗ ಒಬ್ಬರಿಗೆ ಪೆಟ್ಟಾದರೆ ಅವರನ್ನು ಒಂಟಿಯಾಗಿ ಬಿಟ್ಟೇ ಇನ್ನೊಬ್ಬರು ಹೋಗಬೇಕಾಗುತ್ತದೆ. ಹಾಗಾಗಿ ಇಬ್ಬರು ಹೋಗುವ ದಾರಿ ಜನ ಓಡಾಡುವ, ಅರ್ಧ ಗಂಟೆಯ ಆಸುಪಾಸಿನಲ್ಲಿ ವಾಡಿಯೋ ಹಳ್ಳಿಯೋ ಇರುವ ದಾರಿಯಾಗಿರಬೇಕು. ಚಂದೇರಿಯ ಬಂಡೆ, ಕಲಾವಂತಿಣಿಯ ತುದಿ, ಗೋರಖಗಡದ ಕೊರೆದ ಮೆಟ್ಟಿಲು, ಹರಿಶ್ಚಂದ್ರಗಡಕ್ಕೆ ಕೊರಕಲಿನಲ್ಲಿ ಏರುವ ನಳಿಯ ದಾರಿ ಹವ್ಯಾಸಿಗಳಿಬ್ಬರ ಪಾಲಿನವಲ್ಲ. ಅಲ್ಲಿಗೆ ಹಗ್ಗ ಬಲ್ಲವರ ತಂಡ ಬೇಕು.

ಜೊತೆಗಾರರು ಯಾರಾಗಬಹುದು? ಒಂದೇ ಸೊಸೈಟಿಯ ನೆರೆಯವರು, ಗಂಡ ಹೆಂಡತಿ, ಅಕ್ಕ ತಂಗಿ, ಒಂದೇ ಕಚೇರಿಯ ಗೆಳತಿಯರು, ನಿವೃತ್ತರಾದ ಇಬ್ಬರು, ಅಪ್ಪ ಮತ್ತು ಮಗಳು. ಕೊನೆಯ ಜೋಡಿಯ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಡೊಂಬಿವಲಿಯಿಂದಲೋ ಕಲ್ಯಾಣಿನಿಂದಲೋ ಬೆಳಗಿನ ಲೋಕಲ್ ಹಿಡಿದು ಫೋರ್ಟಿಗೆ ಹೋಗುವ ಅಪ್ಪ ಮರಳುವಾಗ ಮಕ್ಕಳು ಮಲಗುವ ಹೊತ್ತು. ಮಕ್ಕಳ ಶಾಲೆ ಇಂಗ್ಲಿಷಿನಲ್ಲಿ, ಆಟ ಹಿಂದಿ ಮರಾಠಿಗಳಲ್ಲಿ. ಮನೆಯ ಕನ್ನಡ ಊಟ ಮಾಡು, ಮಲಗು, ಏಳು ಎಂಬಷ್ಟಕ್ಕೆ ಇಳಿದಿರುತ್ತದೆ. ಬೆಟ್ಟದ ದಾರಿಯಲ್ಲಿ ಐದಾರು ಗಂಟೆ ಇಬ್ಬರೇ ನಡೆದಾಗ ಮಾತು ತಾನಾಗಿ ಬರುತ್ತದೆ: ಅಜ್ಜನ ಊರಿನ ಗುಡ್ಡ, ಹಳ್ಳ, ಮುತ್ತುಗದೆಲೆಯ ಊಟ, ಹೆಜ್ಜೇನು, ಒಂದು ಹಕ್ಕಿಯ ಹೆಸರು. ಕನ್ನಡ ತರಗತಿ ನಡೆಸುವ ಸಂಘಗಳ ಶ್ರಮ ದೊಡ್ಡದು. ಅದರ ಪಕ್ಕದಲ್ಲಿ ಈ ನಡಿಗೆಯನ್ನೂ ಇಟ್ಟುಕೊಳ್ಳುವುದು ಯೋಗ್ಯ, ಏಕೆಂದರೆ ಪಾಠದಲ್ಲಿ ಬಾರದ ಎಷ್ಟೋ ಮಾತು ಕಾಲುದಾರಿಯಲ್ಲಿ ಬೇಕಾಗುತ್ತದೆ.

ದಾರಿಗಳನ್ನು ಸುಲಭದಿಂದ ಕಷ್ಟಕ್ಕೆ ಎಂಬ ಕ್ರಮದಲ್ಲಿ ನೋಡಬಹುದು. ಮೊದಲ ವಾರ ಕಾಲು ಪಳಗಿಸಲು ಖಾರಘರ್ ಬೆಟ್ಟ ಸಾಕು. ಮೇಲೆ ಫಣಸವಾಡಿ, ಚಾಫೇವಾಡಿ ಎಂಬ ಆದಿವಾಸಿ ವಾಡಿಗಳಿವೆ, ರಸ್ತೆಯೇ ಇದೆ. ಥಾಣೆಯವರಿಗೆ ಯೇವೂರು ಹತ್ತಿರ, ಆದರೆ ಅದು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಭಾಗ. ಚಿರತೆಗಳಿರುವ ಕಾಡು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳದಾರಿ ಹಿಡಿಯಬಾರದು. ಇದೇ ಕಾಡಿನ ಬೊರಿವಲಿ ಕಡೆಯಲ್ಲಿ ಕಾನ್ಹೇರಿ ಗುಹೆಗಳಿವೆ. ಅಲ್ಲಿನ 9ನೇ ಶತಮಾನದ ಶಾಸನಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಹೆಸರಿದೆ. ಕವಿರಾಜಮಾರ್ಗದ ಕಾಲದ ನೃಪತುಂಗನೇ ಅವನು. ಆಗ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರು ಅವನ ಸಾಮಂತರು. ಬೆಟ್ಟ ಹತ್ತಲಾಗದ ಹಿರಿಯರಿಗೆ ಥಾಣೆ ಖಾಡಿಯ ಐರೋಲಿ ದಂಡೆ ಇದೆ. 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವೆಂದು ಘೋಷಿತವಾದ ಈ ಖಾಡಿ 2022ರಲ್ಲಿ ರಾಮ್‌ಸಾರ್ ಪಟ್ಟಿಗೂ ಸೇರಿತು, ಚಳಿಗಾಲದಲ್ಲಿ ಅಲ್ಲಿ ಕೆಸರೆಲ್ಲ ಗುಲಾಬಿ ಬಣ್ಣ.

ಎರಡನೆಯ ಹಂತಕ್ಕೆ ಕರ್ನಾಳಾ ತಕ್ಕದ್ದು. ಪನವೇಲಿನಿಂದ ಸ್ವಲ್ಪವೇ ದೂರ, ಗೋವಾ ಹೆದ್ದಾರಿಯ ಪಕ್ಕದಲ್ಲೇ. ಕಾರವಾರ, ಕುಂದಾಪುರ, ಉಡುಪಿ, ಮಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 66 ಇದೇ. ಊರಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ ಎಷ್ಟೋ ಕರಾವಳಿ ಕುಟುಂಬಗಳು ಈ ಬೆಟ್ಟದ ಬುಡವನ್ನು ನಿದ್ದೆಯಲ್ಲಿ ದಾಟಿವೆ. 1968ರಲ್ಲಿ ಪಕ್ಷಿಧಾಮವಾದ ಈ ಕಾಡಿನಲ್ಲಿ ಚೀಟಿ ಪಡೆದು ಒಳಹೋಗಬೇಕು. ಕೋಟೆಯ ನೆತ್ತಿಯಲ್ಲಿ ಹೆಬ್ಬೆರಳಿನಂತೆ ಎದ್ದ ಬಸಾಲ್ಟ್ ಕಂಬವೇ ಹೆದ್ದಾರಿಯಿಂದ ಕಾಣುವ ಗುರುತು. ಕಂಬವನ್ನು ಹತ್ತುವುದು ಬಂಡೆ ಹತ್ತುವವರ ಕೆಲಸ, ಅದರ ಬುಡದವರೆಗಿನ ದಾರಿ ಎಲ್ಲರದು. ಅಲ್ಲಿನ ಕೊರೆದ ಕೋಣೆಗಳ ನೆರಳಿನಲ್ಲಿ ಬುತ್ತಿ ಬಿಚ್ಚಬಹುದು. ಕಾಡಿನ ದಾರಿಯಲ್ಲಿ ಸದ್ದಿಲ್ಲದೆ ನಡೆದರೆ ರಾಜಹಕ್ಕಿ ಕಾಣಸಿಗುತ್ತದೆ. ಜೋರಾಗಿ ಹಾಡು ಹಾಕಿಕೊಂಡು ನಡೆದವರಿಗೆ ಕೋತಿಗಳಷ್ಟೇ.

ಮಾಥೇರಾನ್‌ಗೆ ಹೋಗದ ಕುಟುಂಬವಿಲ್ಲ, ನಡೆದು ಹತ್ತಿದವರು ಕಡಿಮೆ. 1850ರಲ್ಲಿ ಇದನ್ನು ಹೊರಜಗತ್ತಿಗೆ ಪರಿಚಯಿಸಿದ ಹ್ಯೂ ಮ್ಯಾಲೆಟ್ ಥಾಣೆ ಜಿಲ್ಲೆಯ ಕಲೆಕ್ಟರ್ ಆಗಿದ್ದ, ಹತ್ತಿದ್ದು ಕಾಲ್ನಡಿಗೆಯಲ್ಲಿ. ನೇರಳ್‌ನಿಂದ ಎರಡಡಿ ಅಗಲದ ಹಳಿಯ ಪುಟ್ಟ ರೈಲು ಬಂದದ್ದು 1907ರಲ್ಲಿ. ಸುಮಾರು 21 ಕಿ.ಮೀ. ಸುತ್ತಿ ಏರುವ ಆ ಹಳಿಗಿಂತ ರಸ್ತೆಯೂ ಕಾಲುದಾರಿಯೂ ಎಷ್ಟೋ ಹತ್ತಿರ. ಊರೊಳಗೆ ಮೋಟಾರು ವಾಹನಗಳಿಗೆ ನಿಷೇಧ ಇರುವುದರಿಂದ ಮೇಲೆ ತಲುಪಿದ ಮೇಲೂ ನೆರಳಿನ ಕೆಂಪು ಮಣ್ಣಿನ ದಾರಿಯಲ್ಲಿ ಹಾಯಾಗಿ ಸುತ್ತಬಹುದು. ದಣಿದವರಿಗೆ ಇಳಿಯಲು ಟ್ಯಾಕ್ಸಿ ಸಿಗುತ್ತದೆ. ಹೊಸ ಜೋಡಿಗಳಿಗೆ ಈ ಅನುಕೂಲ ಸಣ್ಣದಲ್ಲ.

ಕಲ್ಯಾಣಿನವರು ಒಮ್ಮೆಯಾದರೂ ನಡೆಯಬೇಕಾದದ್ದು ನಾಣೇಘಾಟ್. ಕಲ್ಯಾಣ್ ಎರಡು ಸಾವಿರ ವರ್ಷಗಳ ಹಿಂದೆಯೇ ಬಂದರು, ಪೆರಿಪ್ಲಸ್ ಎಂಬ ಗ್ರೀಕ್ ನಾವಿಕರ ಕೈಪಿಡಿಯಲ್ಲಿ ಅದರ ಹೆಸರಿದೆ. ಆ ಬಂದರಿನ ಸರಕು ಜುನ್ನರ್, ಪೈಠಣಕ್ಕೆ ಏರಿದ್ದು ಈ ಘಟ್ಟದ ದಾರಿಯಲ್ಲಿ. ಮುರಬಾಡ ದಾಟಿ ವೈಶಾಖರೆಯ ಬಳಿ ಎಸ್‌.ಟಿ. ಬಸ್ಸು ಇಳಿದು ಕಾಡು ಹೊಕ್ಕರೆ ಕೊನೆಯ ಏರಿನಲ್ಲಿ ಕಲ್ಲು ಹಾಸಿದ ಮೆಟ್ಟಿಲುಗಳು ಶುರುವಾಗುತ್ತವೆ. ಮೇಲಿನ ಗುಹೆಯ ಗೋಡೆಗಳಲ್ಲಿ ಶಾತವಾಹನ ರಾಣಿ ನಾಗನಿಕೆಯ ಬ್ರಾಹ್ಮೀ ಶಾಸನವಿದೆ. ಯಜ್ಞಗಳಲ್ಲಿ ಕೊಟ್ಟ ದಾನಗಳ ಪಟ್ಟಿಯಲ್ಲಿ ಬರುವ ಅಂಕಿಗಳು ಭಾರತದ ಅತಿ ಹಳೆಯ ಸಂಖ್ಯಾಬರಹಗಳಲ್ಲಿ ಸೇರಿವೆ. ಕಣಿವೆಯ ತುದಿಯಲ್ಲಿ ಸುಂಕದ ಹಣ ಹಾಕುತ್ತಿದ್ದರೆಂದು ಜನ ಹೇಳುವ ದೊಡ್ಡ ಕಲ್ಲಿನ ಕೊಳಗ ಇಂದಿಗೂ ಇದೆ.

ರೂಢಿಯಾದವರಿಗೆ ಮಾಹುಲಿ. ಕಸಾರಾ ಮಾರ್ಗದ ಆಸನಗಾಂವ್‌ನಲ್ಲಿಳಿದು ರಿಕ್ಷಾದಲ್ಲಿ ಮಾಹುಲಿ ಹಳ್ಳಿ, ಅಲ್ಲಿಂದ ಕಾಡಿನ ಏರು, ತುದಿಗೆ ಸಮೀಪ ಒಂದು ಕಬ್ಬಿಣದ ಏಣಿ. ಸುಮಾರು 850 ಮೀಟರ್ ಎತ್ತರದ ಈ ಕೋಟೆಗೆ ಕನ್ನಡನಾಡಿನ ಚರಿತ್ರೆಯಲ್ಲಿ ಪಾಲಿದೆ. 1636ರಲ್ಲಿ ನಿಜಾಮಶಾಹಿಯ ಬಾಲರಾಜನನ್ನು ಇಟ್ಟುಕೊಂಡು ಶಹಾಜಿ ಭೋಸಲೆ ಕೊನೆಯದಾಗಿ ನಿಂತು ಕಾದದ್ದು ಇಲ್ಲಿ. ಮುತ್ತಿದವರು ಮೊಗಲ್ ಸೇನೆಯವರೂ ಬಿಜಾಪುರದ ರಣದುಲ್ಲಾಖಾನನೂ. ಸೋತ ಶಹಾಜಿ ಆದಿಲ್‌ಶಾಹಿಯ ಸೇವೆಗೆ ಸೇರಿದ, ಎರಡು ವರ್ಷದ ಮೇಲೆ ಅದೇ ರಣದುಲ್ಲಾಖಾನನ ದಂಡಿನೊಂದಿಗೆ ಬೆಂಗಳೂರಿಗೆ ಬಂದ, ಅದನ್ನು ಜಹಗೀರಾಗಿ ಪಡೆದ. 1664ರಲ್ಲಿ ತೀರಿಕೊಂಡದ್ದು ಚನ್ನಗಿರಿಯ ಬಳಿಯ ಹೊದಿಗೆರೆಯಲ್ಲಿ. ಅವನ ಸಮಾಧಿ ಅಲ್ಲಿದೆ. ಮಾಹುಲಿಯ ಮುರಿದ ಬಾಗಿಲಿನಲ್ಲಿ ನಿಂತವರಿಗೆ ಬೆಂಗಳೂರಿನ ಕಥೆಯ ಒಂದು ಅಧ್ಯಾಯ ಅಲ್ಲಿಂದ ಹೊರಟಿತೆಂದು ತಿಳಿದಿದ್ದರೆ ಆ ಏರಿನ ದಣಿವಿಗೆ ಬೇರೆಯೇ ಬೆಲೆ. ರಾಜ್ಯದ ಅತಿ ಎತ್ತರದ ಶಿಖರ ಕಳಸೂಬಾಯಿ, 1646 ಮೀಟರ್, ಕಸಾರಾದಿಂದ ಮುಂದೆ ಬಾರಿ ಹಳ್ಳಿಯ ಮೇಲಿದೆ. ದಾರಿ ಸ್ಪಷ್ಟ, ಏಣಿಗಳಿವೆ. ಹೊಸ ವರ್ಷದ ಆಸುಪಾಸಿನ ರಜೆಗಳಲ್ಲಿ ಏಣಿಯ ಮುಂದೆ ಸಾಲು ನಿಲ್ಲಬೇಕಾಗುತ್ತದೆ, ಆ ದಿನಗಳನ್ನು ಬಿಟ್ಟು ಹೋಗುವುದು ಒಳ್ಳೆಯದು.

ಚಳಿಗಾಲಕ್ಕೆ ಅದರದೇ ಅಪಾಯಗಳಿವೆ. ಒಣಗಿ ಮಲಗಿದ ಹುಲ್ಲು ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ, ಗರಸು ಮಣ್ಣಿನ ಇಳಿಜಾರಿನಲ್ಲಿ ಕಾಲಡಿಯ ಹರಳು ಉರುಳುತ್ತದೆ. ಅಲ್ಲಿ ಪಾದವನ್ನು ಅಡ್ಡವಾಗಿಟ್ಟು, ಮಂಡಿ ಸ್ವಲ್ಪ ಮಡಿಸಿ ಇಳಿಯಬೇಕು. ಇಳಿಜಾರಿನ ತುಂಬ ಬೆಳೆಯುವ ಕಾರ್ವಿ, ಬಾಬಾಬುಡನ್‌ಗಿರಿಯ ಕುರಿಂಜಿಯ ಬಳಗದ್ದು. ಎಂಟು ವರ್ಷಕ್ಕೊಮ್ಮೆ ಗುಡ್ಡಕ್ಕೆ ಗುಡ್ಡವೇ ನೇರಳೆಯಾಗಿ ಹೂ ಬಿಡುತ್ತದೆ, 2008, 2016ರಲ್ಲಿ ಹಾಗೆ ಅರಳಿತ್ತು. ಅದರ ಒಣಕಡ್ಡಿಯನ್ನು ಆಸರೆಗೆ ಹಿಡಿದರೆ ಲಟಕ್ಕನೆ ಮುರಿಯುತ್ತದೆ. ಎಲ್ಲಕ್ಕಿಂತ ದೊಡ್ಡ ಅಪಾಯ ಹೆಜ್ಜೇನು. ಕೋಟೆಗಳ ಬಂಡೆಗೋಡೆಗಳಲ್ಲಿ ತೂಗುವ ಹುಟ್ಟುಗಳ ಕೆಳಗೆ ಕೂಗು, ಹೊಗೆ, ಘಾಟಿನ ಸೆಂಟು, ಕ್ಯಾಮೆರಾ ಡ್ರೋನು ಯಾವುದೂ ಕೂಡದು. ಎದ್ದವೆಂದರೆ ಕೈ ಬೀಸದೆ, ಮುಖ ಕತ್ತು ಬಟ್ಟೆಯಿಂದ ಮುಚ್ಚಿಕೊಂಡು, ಬಂದ ದಾರಿಯಲ್ಲೇ ಆದಷ್ಟು ದೂರ ಓಡಬೇಕು. ಬಂಡೆಯ ಅಂಚಿನ ಪ್ರಜ್ಞೆ ಮಾತ್ರ ತಪ್ಪಬಾರದು.

ಹೊರಬೇಕಾದ ಸಾಮಾನು ಹೆಚ್ಚಿಲ್ಲ. ಹಿಡಿತವಿರುವ ಬೂಟು, ಇಲ್ಲಿನ ಚಾರಣಿಗರು ವರ್ಷಗಳಿಂದ ನೆಚ್ಚಿದ್ದು ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಆಕ್ಷನ್ ಟ್ರೆಕಿಂಗ್ ಬೂಟನ್ನು. ಇಬ್ಬರ ಬಳಿಯೂ ಒಂದೊಂದು ಟಾರ್ಚು, ಒಂದೊಂದು ಸೀಟಿ. ಆರು ಸಲ ಊದಿ ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ ಊದುವುದು ಬೆಟ್ಟಗಳಲ್ಲಿ ನೆರವು ಕೇಳುವ ಸಂಕೇತ. ಓಆರ್‌ಎಸ್ ಪೊಟ್ಟಣ, ಕ್ರೇಪ್ ಬ್ಯಾಂಡೇಜು, ಪೂರ್ತಿ ಚಾರ್ಜಾದ ಮೊಬೈಲು. ತುರ್ತಿಗೆ 112. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಚಪಾತಿ, ಒಗ್ಗರಣೆ ಅವಲಕ್ಕಿ ಎಲ್ಲವೂ ಸರಿ. ಭಾನುವಾರವಾದರೆ ಮೆಗಾ ಬ್ಲಾಕ್ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಹಿಂದಿನ ದಿನವೇ ನೋಡಿಕೊಳ್ಳಬೇಕು. ಕಸಾರಾ, ಕರ್ಜತ್ ಕಡೆಗೆ ಲೋಕಲ್ ವಿರಳ, ಒಂದು ತಪ್ಪಿದರೆ ಮುಂದಿನದಕ್ಕೆ ಬಹಳ ಹೊತ್ತು ಕಾಯಬೇಕು.

ಬೆಟ್ಟದ ಬುಡದ ವಾಡಿಗಳಲ್ಲಿ ಠಾಕರ್, ಕಾತಕರಿ, ಮಹಾದೇವ ಕೋಳಿ ಜನರಿದ್ದಾರೆ. ದಾರಿ ಅವರದು, ಅವರ ಮಾತೇ ಪ್ರಮಾಣ. ಮೊಬೈಲಿನ ನಕ್ಷೆ ಒಂದು ಹೇಳಿ, ದನ ಕಾಯುವ ಅಜ್ಜಿ ಇನ್ನೊಂದು ಹೇಳಿದರೆ ಅಜ್ಜಿಯದನ್ನೇ ಕೇಳಬೇಕು. ಮೌಶಿ, ಮಾಮಾ ಎಂದು ಕರೆದು ವಿಚಾರಿಸಿದರೆ ಅರ್ಧ ದಾರಿ ಜೊತೆಗೆ ಬಂದು ತೋರಿಸುತ್ತಾರೆ. ಹೋಗುವಾಗಲೇ ಹೇಳಿಟ್ಟರೆ ಮರಳುವ ಹೊತ್ತಿಗೆ ಅಕ್ಕಿಯ ಭಾಕರಿ, ಪಿಠಲೆ, ಠೇಚಾ ಸಿದ್ಧವಿರುತ್ತದೆ. ಕೇಳಿದಷ್ಟು ಹಣವನ್ನು ಚೌಕಾಸಿ ಮಾಡದೆ ಕೊಡಬೇಕು. ಮಕ್ಕಳಿಗೆ ಚಾಕಲೇಟು ಹಂಚಿ ಕೈಚಾಚುವ ರೂಢಿ ಕಲಿಸುವುದು, ಕೇಳದೆ ಫೋಟೊ ತೆಗೆಯುವುದು, ಪ್ಲಾಸ್ಟಿಕ್ ಬಿಟ್ಟುಬರುವುದು ಆ ಜನಕ್ಕೆ ಮಾಡುವ ಅಪಚಾರ.

ನವೆಂಬರಿನ ರಾಜ್ಯೋತ್ಸವದ ಕಾರ್ಯಕ್ರಮಗಳೆಲ್ಲ ಮುಗಿಯುವ ಹೊತ್ತಿಗೇ ಬೆಟ್ಟದ ಹುಲ್ಲು ಒಣಗಿ ದಾರಿ ತೆರೆಯಲು ಆರಂಭವಾಗುತ್ತದೆ. ಸಂಘಗಳು ನಾಟಕ, ಯಕ್ಷಗಾನ, ಕ್ರೀಡಾಕೂಟಗಳ ಪಟ್ಟಿಯಲ್ಲಿ ಇದಕ್ಕೂ ಒಂದು ಭಾನುವಾರ ಇಡಲಿ. ಬಸ್ಸು, ಬ್ಯಾನರು, ಅಧ್ಯಕ್ಷರ ಭಾಷಣ ಯಾವುದೂ ಬೇಕಿಲ್ಲ. ನಡೆಯಬೇಕೆನ್ನುವವರ ಹೆಸರು ಬರೆದುಕೊಳ್ಳಲು ಒಂದು ಪುಸ್ತಕ, ವಯಸ್ಸು ಮತ್ತು ವೇಗ ಹೊಂದುವವರನ್ನು ಜೋಡಿ ಮಾಡುವ ಒಬ್ಬ ಹಿರಿಯರು, ಪ್ರತಿ ಹೊಸ ಜೋಡಿಯೊಂದಿಗೆ ಮೊದಲ ಸಲ ಹೋಗುವ ಅನುಭವಿ ಜೋಡಿ, ಇಷ್ಟೇ ಸಾಕು. ನವಿಮುಂಬಯಿಯವರು ಕರ್ನಾಳಾದಿಂದ, ಥಾಣೆ, ಡೊಂಬಿವಲಿ, ಕಲ್ಯಾಣಿನವರು ನೇರಳ್‌ನಿಂದ ಮಾಥೇರಾನಿಗೆ ನಡೆದು ಆರಂಭಿಸಲಿ. ಈ ಡಿಸೆಂಬರಿನೊಳಗೆ ಪ್ರತಿ ಸಂಘದಿಂದ ಕನಿಷ್ಠ ಒಂದು ಜೋಡಿಯಾದರೂ ಬೆಳಗಿನ ಲೋಕಲ್ ಹತ್ತಲಿ ಎಂಬುದು ಈ ಪತ್ರದ ಕೋರಿಕೆ.